ಅಂಚಿನಲ್ಲಿ ನಂಬರ್ ಇಲ್ಲದ ಪ್ಲೇಟೋ: ಐದಕ್ಕೆ ಎರಡೇ ಸ್ಟಾರ್

ಪ್ಲೇಟೋ ಕೃತಿಗಳ ಈ ಪುಸ್ತಕದ ಅನುವಾದ ಸಲೀಸಾಗಿದೆ, ಬೈಂಡಿಂಗ್ ಗಟ್ಟಿ, ರೇಟೂ ಕಮ್ಮಿ. ಆದರೆ ಯಾವ ಮಾತು ಎಲ್ಲಿದೆ ಅಂತ ತೋರಿಸೋಕೆ ಅಂಚಿನಲ್ಲಿರಬೇಕಾದ ಸ್ಟೆಫಾನಸ್ ನಂಬರ್‌ಗಳನ್ನೇ ಕಿತ್ತು ಹಾಕಿದ್ದಾರೆ! ಪಿನ್ ಕೋಡ್ ಇಲ್ಲದ ವಿಳಾಸ ಕೊಟ್ಟ ಹಾಗಾಯ್ತು.

1578ರಲ್ಲಿ ಆನ್ರಿ ಎತಿಯೆನ್ (ಲ್ಯಾಟಿನ್‌ನಲ್ಲಿ ಸ್ಟೆಫಾನಸ್) ಜಿನೀವಾದಲ್ಲಿ ಅಚ್ಚು ಹಾಕಿಸಿದ ಪ್ಲೇಟೋ ಕೃತಿಗಳ ಮೂರು ಸಂಪುಟಗಳ ಪುಟಸಂಖ್ಯೆ ಅದು, ಒಂದೊಂದು ಪುಟಕ್ಕೂ ಎ, ಬಿ, ಸಿ, ಡಿ, ಇ ಅಂತ ಭಾಗಗಳು. ಪರೀಕ್ಷೆಗೆ ಒಡ್ಡದ ಬದುಕು ಬಾಳೋಕೆ ಲಾಯಕ್ಕಲ್ಲ ಅಂತ ಸಾಕ್ರಟೀಸ್ ಹೇಳೋದು 'ಅಪಾಲಜಿ' 38ಎಯಲ್ಲಿ. ನೀವು ಗ್ರೀಕ್‌ನಲ್ಲಿ ಓದಿ, ಇಂಗ್ಲಿಷ್‌ನಲ್ಲಿ ಓದಿ, ಜಾಗ ಅದೇ. ಈ ಪುಸ್ತಕದಲ್ಲಿ ಮಾತ್ರ ಸುಮ್ನೆ ಪುಟ ಮಗುಚುತ್ತಾ ಕೂರಬೇಕು.

ಹಾಗಂತ ಆ ಪದ್ಧತಿಯೇನೂ ಅಪ್ಪಟ ಚಿನ್ನ ಅಲ್ಲ. ಸಂಪುಟ ಮೂರಾದ್ದರಿಂದ ನಂಬರ್ ರಿಪೀಟ್ ಆಗುತ್ತೆ: 'ಅಪಾಲಜಿ' ಶುರುವಾಗೋದೂ 17ಎ, 'ಟಿಮೇಯಸ್' ಶುರುವಾಗೋದೂ 17ಎ. ಕೃತಿಯ ಹೆಸರು ಹೇಳಲೇಬೇಕು.

ತಮಾಷೆ ಅಂದ್ರೆ, ಇದೇ ಪ್ರಕಾಶಕರ ಅರಿಸ್ಟಾಟಲ್‌ನಲ್ಲಿ ಅದೇ ಥರದ ಬೆಕ್ಕರ್ ನಂಬರ್ ನೀಟಾಗಿದೆ. 1831ರ ಬರ್ಲಿನ್ ಆವೃತ್ತಿಯ ಪುಟ, ಕಾಲಂ, ಸಾಲು ಮೂರೂ ಸಿಗುತ್ತೆ. 'ನಿಕೊಮಾಕಿಯನ್ ಎಥಿಕ್ಸ್' ತೆರೆದರೆ ಮೊದಲ ಸಾಲಿಗೇ 1094ಎ1. ಅಲ್ಲಿ ಆಗಿದ್ದು ಇಲ್ಲಿ ಯಾಕಾಗಲಿಲ್ಲ? ಬರೀ ಓದೋರು ತಗೊಳ್ಳಿ. ಪ್ರಬಂಧ ಬರೆಯೋರು ಸ್ಯಾಂಪಲ್ ಪುಟದ ಅಂಚು ನೋಡದೆ ದುಡ್ಡು ಕೊಡಬೇಡಿ.