ಲಿನಕ್ಸ್ ಎಂಡಿ ರೇಡ್: ಕೆಲಸ ಚೆನ್ನಾಗಿ ಮಾಡುತ್ತದೆ, ಬಾಯಿ ಮಾತ್ರ ಬಿಡುವುದಿಲ್ಲ

ಶಿರಸಿಯಲ್ಲಿ ನಮ್ಮದು ವಿಡಿಯೋ ಸ್ಟುಡಿಯೋ. ಮದುವೆ, ಉಪನಯನ, ಯಕ್ಷಗಾನ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ, ಎಲ್ಲದರ ಫೈಲೂ ಹಳೆಯ ಪಿಸಿಯೊಂದರಲ್ಲಿ ಎರಡು ಡಿಸ್ಕಿನ ರೇಡ್ 1 (ಎರಡರಲ್ಲೂ ಅದೇ ಡೇಟಾದ ಪ್ರತಿ ಇಡುವ ಜೋಡಿ) ಮೇಲೆ ಕೂತಿವೆ. ರೇಡ್ ಕಾರ್ಡ್ ಇಲ್ಲ. ಲಿನಕ್ಸ್ ಜೊತೆ ಪುಕ್ಕಟೆ ಬರುವ ಎಂಡಿ ಎಂಬ ಸಾಫ್ಟ್‌ವೇರ್ ಡ್ರೈವರ್‌ದೇ ಕಾರುಬಾರು.

ಮೊದಲು ಹೊಗಳಿಬಿಡುತ್ತೇನೆ. ಒಂದು ಸೆಕ್ಟರ್ (ಡಿಸ್ಕಿನ ಸಣ್ಣ ತುಣುಕು ಜಾಗ) ಓದಲು ಬರಲಿಲ್ಲ ಅಂತ ಇದು ಡಿಸ್ಕನ್ನೇ ಹೊರಗೆ ಹಾಕುವುದಿಲ್ಲ. ಇನ್ನೊಂದು ಡಿಸ್ಕಿನಿಂದ ಅದೇ ಡೇಟಾ ತಂದು ಕೆಟ್ಟ ಜಾಗದ ಮೇಲೆ ಬರೆದು, ಮತ್ತೆ ಓದಿ ನೋಡುತ್ತದೆ. ಎಡಿಟಿಂಗ್‌ಗೆ ಕೂತವರಿಗೆ ಗೊತ್ತೇ ಆಗುವುದಿಲ್ಲ.

ನನ್ನ ತಕರಾರೂ ಅದೇ. ರಿಪೇರಿ ಆಯ್ತು ಅನ್ನೋ ಸಾಲು ಕರ್ನಲ್ (ಲಿನಕ್ಸಿನ ತಿರುಳು) ಲಾಗ್‌ಗೆ ಹೋಗುತ್ತದೆ, ಅಷ್ಟೇ. ಅರೇ (ಡಿಸ್ಕುಗಳ ಜೋಡಿ) ಹೇಗಿದೆ ಅಂತ ತೋರಿಸುವ ಎಂಡಿಸ್ಟ್ಯಾಟ್ ಫೈಲ್ ನೋಡಿದರೆ, ಡಿಸ್ಕ್ ಸರಿಯಿದೆ ಅನ್ನುವ ಎರಡೂ 'ಯು' ಏನೂ ಆಗಿಲ್ಲ ಅನ್ನುವಂತೆ ನಿಂತಿರುತ್ತವೆ. ಇಮೇಲ್ ಬರುವುದು ಡಿಸ್ಕ್ ಫೇಲ್ ಆದಾಗ, ಅರೇ ಡಿಗ್ರೇಡ್ ಆದಾಗ (ಒಂದು ಡಿಸ್ಕ್ ಇಲ್ಲದೆ ನಡೆಯುವಾಗ). ಸರಿಪಡಿಸಿದ ಎರರ್‌ಗೆ ಇಲ್ಲ. ಲೆಕ್ಕವನ್ನೇನೋ ಇಡುತ್ತದೆ, ಸಿಸ್‌ಎಫ್‌ಎಸ್ (ಕರ್ನಲ್ ತನ್ನ ಮಾಹಿತಿ ತೋರಿಸುವ ಫೋಲ್ಡರ್) ಒಳಗೆ ಪ್ರತಿ ಡಿಸ್ಕಿಗೂ 'ಎರರ್ಸ್' ಅಂತ ಒಂದು ಫೈಲ್ ಇದೆ, ಆದರೆ ಅಷ್ಟು ಒಳಗೆ ಹೋಗಿ ದಿನಾ ಯಾರು ನೋಡ್ತಾರೆ? ರೇಡ್ ಕೆಲಸವನ್ನೂ ತಾನೇ ಮಾಡುವ ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್ ಆದರೆ ಒಂದೇ ಕಮಾಂಡಿಗೆ ರೀಡ್, ರೈಟ್, ಚೆಕ್‌ಸಮ್ (ಡೇಟಾ ಸರಿಯಿದೆಯೇ ಅಂತ ತಾಳೆ ನೋಡುವ ಸಂಖ್ಯೆ) ಎರರ್ ಮೂರನ್ನೂ ಸಾಲಾಗಿ ತೋರಿಸುತ್ತದೆ. ಎರಡು ಪ್ರತಿ ಬೇರೆಬೇರೆಯಾದರೆ ಯಾವುದು ಸರಿ ಅಂತಲೂ ಅದಕ್ಕೆ ಗೊತ್ತು. ಎಂಡಿ ಬಳಿ ಚೆಕ್‌ಸಮ್ ಇಲ್ಲ, ಹಾಗಾಗಿ ವ್ಯತ್ಯಾಸ ಎಷ್ಟಿದೆ ಅಂತ ಮಾತ್ರ ಎಣಿಸುತ್ತದೆ.

ಇನ್ನು ಟೈಮೌಟ್. ಮಾಮೂಲಿ ಡೆಸ್ಕ್‌ಟಾಪ್ ಡಿಸ್ಕ್ ಒಂದು ಕೆಟ್ಟ ಸೆಕ್ಟರ್ ಹಿಡಿದುಕೊಂಡು ನಿಮಿಷಕ್ಕೂ ಜಾಸ್ತಿ ಒದ್ದಾಡಬಹುದು. ಲಿನಕ್ಸ್ ಕಾಯುವುದು 30 ಸೆಕೆಂಡ್. ಆಮೇಲೆ ಲಿಂಕ್ ರೀಸೆಟ್ ಮಾಡುತ್ತದೆ, ಆಗಲೂ ಡಿಸ್ಕ್ ಉತ್ತರ ಕೊಡದಿದ್ದರೆ ರಿಪೇರಿ ಮಾಡಲು ಹೋದ ರೈಟೇ ಫೇಲ್ ಆಗಿ, ಬರೀ ಒಂದು ಸೆಕ್ಟರ್ ದೆಸೆಯಿಂದ ಇಡೀ ಡಿಸ್ಕ್ ಔಟ್! ಡಿಸ್ಕಿನ ಸೆಟ್ಟಿಂಗ್ ಬದಲಿಸುವ ಸ್ಮಾರ್ಟ್‌ಸಿಟಿಎಲ್ ಕಮಾಂಡಿನಿಂದ ಡಿಸ್ಕಿನ ಒದ್ದಾಟವನ್ನು 7 ಸೆಕೆಂಡಿಗೆ ಇಳಿಸಬಹುದು. ಆ ಸೌಲಭ್ಯ ಇಲ್ಲದ ಡಿಸ್ಕಾದರೆ ಕರ್ನಲ್ ಟೈಮೌಟನ್ನೇ 180 ಸೆಕೆಂಡಿಗೆ ಏರಿಸಬೇಕು. ಪವರ್ ಹೋದರೆ ಸಾಮಾನ್ಯವಾಗಿ ಡಿಸ್ಕ್ ಇದನ್ನೆಲ್ಲ ಮರೆಯುತ್ತದೆ, ನಮ್ಮೂರಿನ ಮಳೆಗಾಲದ ಕರೆಂಟ್ ಕತೆ ಗೊತ್ತಲ್ಲ, ಹಾಗಾಗಿ ಬೂಟ್ ಸ್ಕ್ರಿಪ್ಟ್‌ನಲ್ಲಿ ಹಾಕಿಡಿ.

ಡೆಬಿಯನ್ ಲಿನಕ್ಸಿನಲ್ಲಿ ತಿಂಗಳ ಮೊದಲ ಭಾನುವಾರ ಇಡೀ ಅರೇ ಚೆಕ್ ತಾನಾಗೇ ನಡೆಯುತ್ತದೆ. ಅದು ಮುಗಿದ ಮೇಲೆ 'ಎರರ್ಸ್' ನೋಡಿ ಮೇಲ್ ಮಾಡುವ ಸಣ್ಣ ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ, ಜೊತೆಗೆ ಡಿಸ್ಕಿನ ಆರೋಗ್ಯ ಗಮನಿಸುವ ಸ್ಮಾರ್ಟ್‌ಡಿ. ಐದಕ್ಕೆ ನಾಲ್ಕು ಸ್ಟಾರ್. ಆ ಮೇಲ್ ಎಂಡಿಯೇ ಕಳಿಸಿದ್ದರೆ ಐದೂ ಕೊಡುತ್ತಿದ್ದೆ.