ಲಿನಕ್ಸ್‌ನ ಎಜೆಕ್ಟ್ ಬಟನ್: ಆರು ವರ್ಷ ಒತ್ತಿದ ಮೇಲೆ

ನನ್ನದು ಸಣ್ಣ ಫೋಟೋ ಸ್ಟುಡಿಯೋ. 8 ಜಿಬಿ ರ್‍ಯಾಮ್‌ನ ಹಳೇ ಕಂಪ್ಯೂಟರಿನಲ್ಲಿ ಆರು ವರ್ಷದಿಂದ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು ಬಳಸುತ್ತಿದ್ದೇನೆ. ಆಲ್ಬಂ ಲ್ಯಾಬಿಗೆ ಫೋಟೋ ಹೋಗುವುದು ಪೆನ್ ಡ್ರೈವ್‌ನಲ್ಲೇ. ಡ್ರೈವ್ ಹೆಸರಿನ ಪಕ್ಕದ ಎಜೆಕ್ಟ್ ಗುರುತನ್ನು (ಕೀಳುವ ಮುಂಚೆ ಡ್ರೈವನ್ನು ಸುರಕ್ಷಿತವಾಗಿ ಬಿಡಿಸುವ ಬಟನ್) ದಿನಕ್ಕೆ ನಾಲ್ಕೈದು ಸಲ ಒತ್ತುತ್ತೇನೆ.

ಮೊದಮೊದಲು ಒತ್ತುತ್ತಿರಲಿಲ್ಲ. ಒಂದು ಗೃಹಪ್ರವೇಶದ ಫೋಟೋ, ಸುಮಾರು 900 ಎಂಬಿ. ಕಾಪಿ ಎಷ್ಟಾಯಿತು ಅಂತ ತೋರಿಸುವ ಪಟ್ಟಿ ಹತ್ತೇ ಸೆಕೆಂಡಿಗೆ ತುಂಬಿತು. ಡ್ರೈವ್ ಫಾಸ್ಟ್ ಇದೆಯಲ್ಲ ಅಂತ ಖುಷಿಯಲ್ಲಿ ಕಿತ್ತು ಜೇಬಿಗಿಟ್ಟೆ. ಲ್ಯಾಬಿನಲ್ಲಿ ನೋಡಿದರೆ ಹಾಲು ಉಕ್ಕಿಸುವ ಫೋಟೋ ಮೇಲರ್ಧ ಸರಿ, ಕೆಳಗರ್ಧ ಬರೀ ಬೂದು. ಅದರ ನಂತರದವು ತೆರೆಯಲೇ ಇಲ್ಲ. ಪುಣ್ಯಕ್ಕೆ ಮೂಲ ಫೈಲುಗಳು ಸ್ಟುಡಿಯೋದಲ್ಲಿದ್ದವು. ಪೆಟ್ರೋಲ್ ಖರ್ಚಿನಲ್ಲಿ ಮುಗಿಯಿತು.

ಆ ಪಟ್ಟಿ ಹೇಳುವುದು ಫೈಲು ರ್‍ಯಾಮಿಗೆ, ಅಂದರೆ ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿಗೆ, ತಲುಪಿತು ಅಂತ ಮಾತ್ರ. ಡ್ರೈವಿಗೆ ಬರೆಯುವ ಕೆಲಸ ಹಿಂದೆ ನಿಧಾನಕ್ಕೆ ನಡೆಯುತ್ತಿರುತ್ತದೆ. ಕಣ್ಣಾರೆ ನೋಡಬೇಕಾ? ದೊಡ್ಡ ಫೈಲು ಕಾಪಿ ಮಾಡಿ, ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಪ್ರಾಕ್ ಫೋಲ್ಡರಿನ ಮೆಮ್‌ಇನ್ಫೋ ಫೈಲು (/proc/meminfo) ತೆರೆದು 'ಡರ್ಟಿ' ಅನ್ನೋ ಸಾಲು ನೋಡಿ. ಇನ್ನೂ ಬರೆಯದೆ ಉಳಿದಿರುವ ಲೆಕ್ಕ ಅಲ್ಲಿರುತ್ತದೆ. ನನ್ನ ಡ್ರೈವ್ ಸೆಕೆಂಡಿಗೆ 10 ಎಂಬಿ ಬರೆದರೆ ಹೆಚ್ಚು. 900 ಎಂಬಿಗೆ ಒಂದೂವರೆ ನಿಮಿಷ ಬೇಕೇ ಬೇಕು, ಅಲ್ವಾ? ಎಜೆಕ್ಟ್ ಒತ್ತಿದಾಗ ಸುಮ್ನೆ ತಡ ಮಾಡುತ್ತೆ ಅಂತ ಬೈಯುತ್ತಿದ್ದೆನಲ್ಲ, ನಿಜವಾದ ಕಾಪಿ ನಡೆಯುತ್ತಿದ್ದದ್ದು ಆಗಲೇ.

ಕಿರಿಕಿರಿ ಅಂದರೆ ಡ್ರೈವ್ ಬ್ಯುಸಿ ಇದೆ ಅನ್ನೋ ಸಂದೇಶ. ಹೆಚ್ಚಿನ ಸಲ ತಪ್ಪು ನನ್ನದೇ: ಫೋಟೋ ವ್ಯೂವರ್ ತೆರೆದಿರುತ್ತದೆ, ಇಲ್ಲವೇ ಟರ್ಮಿನಲ್ ಅದೇ ಫೋಲ್ಡರಿನಲ್ಲಿ ನಿಂತಿರುತ್ತದೆ. ಎಲ್‌ಎಸ್‌ಓಎಫ್ (lsof) ಕಮಾಂಡಿಗೆ ಡ್ರೈವಿನ ದಾರಿ (ಪಾತ್) ಕೊಟ್ಟರೆ ಯಾವ ಪ್ರೋಗ್ರಾಂ ಅದನ್ನು ಹಿಡಿದಿದೆ ಅಂತ ಗೊತ್ತಾಗುತ್ತದೆ. ಬೇಸರಕ್ಕೆ, ಡ್ರೈವ್ ಬಿಡಿಸುವ ಯುಮೌಂಟ್ ಕಮಾಂಡಿನ 'ಲೇಜಿ' ಆಯ್ಕೆ ಬಳಸಬೇಡಿ. ಡ್ರೈವ್ ಪರದೆಯಿಂದ ಮಾಯವಾಗುತ್ತದೆ, ಬರೆಯುವುದು ಮಾತ್ರ ಮುಗಿದಿರುವುದಿಲ್ಲ. ಒಮ್ಮೆ ನಾನೂ ಮೋಸ ಹೋಗಿದ್ದೇನೆ.

ಲ್ಯಾಬಿನಲ್ಲಿ ವಿಂಡೋಸ್ ಇರುವುದರಿಂದ ಪೆನ್ ಡ್ರೈವ್ ಎರಡೂ ಕಡೆ ಓದಬಲ್ಲ ಎಕ್ಸ್‌ಫ್ಯಾಟ್ ಫೈಲ್‌ಸಿಸ್ಟಮ್‌ನಲ್ಲೇ (ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಇದೆ. ಅದಕ್ಕೆ ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಿನಚರಿ) ಇಲ್ಲ, ಮಧ್ಯದಲ್ಲಿ ಕಿತ್ತರೆ ಫೈಲ್‌ಸಿಸ್ಟಮ್ಮೇ ಕೆಡಬಹುದು. ಬ್ಯಾಕಪ್ ಹಾರ್ಡ್ ಡಿಸ್ಕಿನದು ಲಿನಕ್ಸ್‌ನ ಎಕ್ಸ್ಟ್4 ಫೈಲ್‌ಸಿಸ್ಟಮ್. ಜರ್ನಲ್ ಇದ್ದರೂ ಅದು ಕಾಯುವುದು ಡಿಸ್ಕಿನ ಲೆಕ್ಕಪತ್ರವನ್ನು, ಅರ್ಧ ಬರೆದ ಫೋಟೋವನ್ನಲ್ಲ.

ಒಟ್ಟಾರೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಆ ಸುಳ್ಳು ಪಟ್ಟಿಗೆ. ಹಾರ್ಡ್ ಡಿಸ್ಕಿಗೆ ಯುಡಿಸ್ಕ್ಸ್‌ನ (ಡಿಸ್ಕುಗಳನ್ನು ನೋಡಿಕೊಳ್ಳುವ ಲಿನಕ್ಸ್ ಸಾಧನ) ಪವರ್ ಆಫ್ ಕಮಾಂಡ್ ಜಾಸ್ತಿ ಇಷ್ಟ. ಮೇಲೆ ಕೈಯಿಟ್ಟುಕೊಂಡು ಕಾಯುತ್ತೇನೆ. ಒಳಗೆ ಸಣ್ಣಗೆ ಗುಂಯ್ಗುಡುತ್ತಿದ್ದದ್ದು ನಿಧಾನವಾಗಿ ನಿಲ್ಲುತ್ತದೆ. ಆಮೇಲೆ ಕೇಬಲ್ ತೆಗೆಯುತ್ತೇನೆ.