ವಿಂಡೋಸ್ 10 ಪ್ರೊ ರೀಟೇಲ್ ಲೈಸೆನ್ಸ್: ಡ್ಯುಯಲ್ ಬೂಟ್‌ನಲ್ಲಿ ಶುರುಮಾಡಿ ವರ್ಚುವಲ್ ಮಷಿನ್‌ಗೆ ಬಂದ ಆರು ವರ್ಷ

ಧಾರವಾಡದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಶಾಲೆಗಳ ವಾರ್ಷಿಕ ಸಂಚಿಕೆ, ಸಹಕಾರಿ ಸಂಘಗಳ ವರದಿ, ಆಗೀಗ ಒಂದು ಕವನ ಸಂಕಲನ. 2019ರಲ್ಲಿ ಹೊಸ ಕಂಪ್ಯೂಟರ್ ಜೋಡಿಸಿಕೊಂಡಾಗ ವಿಂಡೋಸ್ ಬದಲು ಉಬುಂಟು ಅನ್ನುವ ಉಚಿತ ಲಿನಕ್ಸ್ ಹಾಕಿದೆ. ಬ್ರೌಸರ್, ಮೇಲ್, ಪಿಡಿಎಫ್, ಫೋಟೋ ಕೆಲಸ ಎಲ್ಲ ಅದರಲ್ಲೇ ಆರಾಮಾಗಿ ನಡೆಯುತ್ತದೆ. ಎರಡು ಕೆಲಸಕ್ಕೆ ಮಾತ್ರ ವಿಂಡೋಸ್ ಬೇಕೇ ಬೇಕು. ಒಂದು, ಪುಟ ಜೋಡಿಸುವ ಪೇಜ್‌ಮೇಕರ್ ಮತ್ತು ಕನ್ನಡ ಟೈಪ್ ಮಾಡುವ ನುಡಿ. ಇನ್ನೊಂದು, ಮುದ್ರಣದ ಟೆಂಡರ್ ಹಾಕುವಾಗ ಬೇಕಾಗುವ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್.

ಇನ್ನೂ ಪೇಜ್‌ಮೇಕರ್ ಯಾಕೆ ಅಂತ ಕೇಳುವವರು ಜಾಸ್ತಿ. ನನ್ನ ಹತ್ತಿರ ಹದಿನೈದು ವರ್ಷದ ಫೈಲುಗಳಿವೆ. ಎಲ್ಲವೂ ನುಡಿಯ ಹಳೇ ಫಾಂಟ್‌ಗಳಲ್ಲಿ. ಈಗ ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತ ಯೂನಿಕೋಡ್ ಪೇಜ್‌ಮೇಕರ್‌ಗೆ ಗೊತ್ತಿಲ್ಲ. ಫೈಲನ್ನು ಯೂನಿಕೋಡ್‌ಗೆ ಬದಲಾಯಿಸಿದರೆ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತದೆ. ಇನ್ನೂರು ಪುಟದ ಪುಸ್ತಕಕ್ಕೆ ಮತ್ತೆ ಮೊದಲಿಂದ ಪ್ರೂಫ್ ನೋಡಬೇಕು. ಹೊಸ ಕೆಲಸ ಯೂನಿಕೋಡ್‌ನಲ್ಲೇ ಮಾಡುತ್ತೇನೆ. ಆದರೆ ಹಳೇ ಗಿರಾಕಿ ಬಂದು "ಹೋದ ವರ್ಷದ್ದೇ ಇರ್ಲಿ, ತಾರೀಖು ಅಷ್ಟೇ ಬದಲಾಯಿಸಿ" ಅಂದರೆ ಆ ಫೈಲನ್ನೇ ತೆರೆಯಬೇಕು, ಅಲ್ವಾ.

ಹಾಗಾಗಿ ಸುಮಾರು 15 ಸಾವಿರ ಕೊಟ್ಟು ವಿಂಡೋಸ್ 10 ಪ್ರೊ ರೀಟೇಲ್ ಡಬ್ಬಿ ತಂದೆ. ಒಳಗೊಂದು ಪೆನ್‌ಡ್ರೈವ್, 25 ಅಕ್ಷರದ ಕೀ ಇರುವ ಒಂದು ಕಾರ್ಡ್. ಅಷ್ಟು ದುಡ್ಡಿಗೆ ಇಷ್ಟೇನಾ ಅನ್ನಿಸಿತ್ತು. ಆ ದುಡ್ಡಿನ ಬೆಲೆ ನನಗೆ ತಿಳಿದದ್ದು ಒಂದು ವರ್ಷ ಆದ ಮೇಲೆ.

ಮೊದಲು ಮಾಡಿದ್ದು ಡ್ಯುಯಲ್ ಬೂಟ್, ಅಂದರೆ ಒಂದೇ ಯಂತ್ರದಲ್ಲಿ ಎರಡನ್ನೂ ಹಾಕಿ, ಶುರುಮಾಡುವಾಗ ಯಾವುದು ಬೇಕೋ ಆರಿಸಿಕೊಳ್ಳುವುದು. ಒಂದೇ ಎಸ್‌ಎಸ್‌ಡಿ, ಅರ್ಧ ಉಬುಂಟು, ಅರ್ಧ ವಿಂಡೋಸ್. ಲೈಸೆನ್ಸ್ ವಿಷಯದಲ್ಲಿ ಇದಕ್ಕೆ ಯಾವ ತಕರಾರೂ ಇಲ್ಲ. ಒಂದು ಯಂತ್ರ, ಒಂದು ವಿಂಡೋಸ್. ಪಕ್ಕದಲ್ಲಿ ಲಿನಕ್ಸ್ ಇದೆಯೋ ಇಲ್ಲವೋ ಯಾರೂ ಕೇಳುವುದಿಲ್ಲ. ವೇಗವೂ ಪೂರ್ತಿ ಸಿಗುತ್ತದೆ. ಸಣ್ಣ ಕಿರಿಕಿರಿಗಳು ಇದ್ದವು. ಉಬುಂಟುವಿನಿಂದ ವಿಂಡೋಸ್‌ಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದೆ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ (ಗ್ರೀನಿಚ್) ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮೂರ ಸಮಯ ಅಂದುಕೊಳ್ಳುತ್ತದೆ. ಉಬುಂಟುವಿನಲ್ಲಿ ಒಂದು ಕಮಾಂಡ್ ಕೊಟ್ಟರೆ ಇದು ಸರಿಹೋಗುತ್ತದೆ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡದಿದ್ದರೆ ಡಿಸ್ಕಿನ ವಿಂಡೋಸ್ ಭಾಗಕ್ಕೆ, ಅಂದರೆ ಆ ಪಾರ್ಟಿಷನ್ನಿಗೆ, ಉಬುಂಟುವಿನಿಂದ ಏನೂ ಬರೆಯಲು ಆಗುವುದಿಲ್ಲ. ಅದನ್ನೂ ಆಫ್ ಮಾಡಿದೆ.

ಸರಿಹೋಗದೇ ಉಳಿದದ್ದು ಒಂದೇ. ಗಿರಾಕಿ ಕೌಂಟರಿನ ಮುಂದೆ ನಿಂತಿದ್ದಾರೆ. ಲಗ್ನಪತ್ರಿಕೆಯಲ್ಲಿ ಸೋದರಮಾವನ ಹೆಸರಿನ ಒಂದು ಒತ್ತಕ್ಷರ ತಪ್ಪಿದೆ. ತಿದ್ದುವುದು ಹತ್ತು ಸೆಕೆಂಡಿನ ಕೆಲಸ. ಆದರೆ ನಾನು ಉಬುಂಟುವಿನಲ್ಲಿ ಇನ್ನೊಬ್ಬರ ಫೋಟೋ ತೆರೆದುಕೊಂಡಿದ್ದೇನೆ. ಎಲ್ಲ ಸೇವ್ ಮಾಡಿ, ಮುಚ್ಚಿ, ರೀಬೂಟ್ ಮಾಡಿ, ತಿದ್ದಿ, ಪ್ರಿಂಟ್ ಕೊಟ್ಟು, ಮತ್ತೆ ರೀಬೂಟ್ ಮಾಡಿ ವಾಪಸ್ ಬರಬೇಕು. ದಿನಕ್ಕೆ ಐದಾರು ಸಲ ಹೀಗಾದರೆ ಅಂಗಡಿ ನಡೆಸುವುದು ಕಷ್ಟ.

2020ರ ಶುರುವಿನಲ್ಲಿ ವರ್ಚುವಲ್‌ಬಾಕ್ಸ್ ಹಾಕಿಕೊಂಡೆ. ಉಬುಂಟುವಿನ ಒಳಗೇ ಒಂದು ಕಿಟಕಿಯಲ್ಲಿ ವಿಂಡೋಸ್ ಓಡುತ್ತದೆ, ರೀಬೂಟ್ ಬೇಡ. ವರ್ಚುವಲ್ ಮಷಿನ್ ಅನ್ನುವುದು ಇದಕ್ಕೇ. ಅದೇ ಕಾರ್ಡಿನ ಕೀ ಹೊಡೆದೆ. ಆಕ್ಟಿವೇಟ್ ಆಗಲಿಲ್ಲ. ಯಂತ್ರ ನನ್ನದೇ, ಕೂರುವವನು ನಾನೊಬ್ಬನೇ, ಎರಡೂ ಒಟ್ಟಿಗೆ ಓಡುವುದೂ ಇಲ್ಲ. ಯಾಕೆ ಆಗಬಾರದು? ಆಗ ಮೊದಲ ಸಲ ಲೈಸೆನ್ಸಿನ ಷರತ್ತುಗಳನ್ನು ಪೂರ್ತಿ ಓದಿದೆ.

ಅದರಲ್ಲಿ ವರ್ಚುವಲ್ ಬಳಕೆಗೇ ಒಂದು ಕಲಮು ಇದೆ. ಒಂದು ಲೈಸೆನ್ಸಿಗೆ ಒಂದು ಡಿವೈಸ್‌ನಲ್ಲಿ ಒಂದೇ ಪ್ರತಿ, ಆ ಡಿವೈಸ್ ನಿಜವಾದದ್ದಾಗಲಿ ವರ್ಚುವಲ್ ಆಗಲಿ. ಒಂದಕ್ಕಿಂತ ಜಾಸ್ತಿ ವರ್ಚುವಲ್ ಡಿವೈಸ್ ಇದ್ದರೆ ಪ್ರತಿಯೊಂದಕ್ಕೂ ಬೇರೆ ಲೈಸೆನ್ಸ್. ಅಂದರೆ ನನ್ನ ಮೇಜಿನ ಮೇಲೆ ಒಂದೇ ಡಬ್ಬ ಇದ್ದರೂ ಲೆಕ್ಕಕ್ಕೆ ಎರಡು ಯಂತ್ರ. ಒಂದೇ ಕಾಂಪೌಂಡಿನಲ್ಲಿ ಎರಡು ಮನೆ ಕಟ್ಟಿದರೆ ಎರಡು ಮೀಟರು, ಎರಡು ಆರ್‌ಆರ್ ನಂಬರು ಇರುತ್ತದಲ್ಲ, ಹಾಗೆ. ಒಂದು ಹೊತ್ತಿಗೆ ಒಂದೇ ಮನೆಯಲ್ಲಿ ದೀಪ ಹಚ್ಚುತ್ತೇನೆ ಅಂದರೂ ಮೀಟರು ಎರಡೇ. ಓದಿದ ಮೇಲೆ ಬೇಜಾರಾಯಿತು, ಆದರೆ ಗೊಂದಲ ಹೋಯಿತು.

ಹಿಂದೆ ಇದಕ್ಕಿಂತ ಬಿಗಿ ಇತ್ತು. ವಿಂಡೋಸ್ ವಿಸ್ಟಾ ಬಂದಾಗ ಅದರ ಹೋಮ್ ಆವೃತ್ತಿಗಳನ್ನು ವರ್ಚುವಲ್ ಮಷಿನ್‌ನಲ್ಲಿ ಬಳಸುವುದಕ್ಕೇ ಅನುಮತಿ ಇರಲಿಲ್ಲ. 2008ರ ಜನವರಿಯಲ್ಲಿ ಅದನ್ನು ಸಡಿಲ ಮಾಡಿದರು. ಆಮೇಲೆ ವಿಂಡೋಸ್ 7 ಪ್ರೊಫೆಷನಲ್ ಜೊತೆ ಎಕ್ಸ್‌ಪಿ ಮೋಡ್ ಅಂತ ಕೊಟ್ಟರು. ಹಳೇ ತಂತ್ರಾಂಶ ಓಡಿಸಲು ಲೈಸೆನ್ಸ್ ಸಮೇತ ಒಂದು ಎಕ್ಸ್‌ಪಿ ವರ್ಚುವಲ್ ಮಷಿನ್, ಬೇರೆ ದುಡ್ಡಿಲ್ಲ. ನನ್ನಂಥವರಿಗೆ ಹೇಳಿ ಮಾಡಿಸಿದ ಏರ್ಪಾಡು ಅದು. ವಿಂಡೋಸ್ 10ರಲ್ಲಿ ಅದಿಲ್ಲ. ಇದ್ದಿದ್ದರೆ ಈ ಬರಹದ ಅರ್ಧ ಬೇಕಾಗುತ್ತಿರಲಿಲ್ಲ.

ಇನ್ನೊಂದು ದಾರಿ ಇದೆ, ಅದನ್ನೂ ಎರಡು ವಾರ ಮಾಡಿ ನೋಡಿದೆ. ಡಿಸ್ಕಿನಲ್ಲಿರುವ ಅದೇ ವಿಂಡೋಸ್ ಪಾರ್ಟಿಷನ್ನನ್ನೇ ವರ್ಚುವಲ್‌ಬಾಕ್ಸ್‌ಗೆ ತೋರಿಸಿ ಬೂಟ್ ಮಾಡುವುದು. ಪ್ರತಿ ಒಂದೇ, ಬಾಗಿಲು ಎರಡು. ಕೇಳಲು ಚೆನ್ನಾಗಿದೆ. ಆದರೆ ಆಕ್ಟಿವೇಷನ್ ಯಂತ್ರದ ಗುರುತು ನೋಡುತ್ತದೆ. ನೇರ ಬೂಟ್ ಮಾಡಿದರೆ ನಿಜವಾದ ಮದರ್‌ಬೋರ್ಡ್ ಕಾಣುತ್ತದೆ, ವರ್ಚುವಲ್‌ಬಾಕ್ಸ್‌ನಲ್ಲಿ ತೆರೆದರೆ ಬೇರೆಯೇ ಯಂತ್ರ ಕಾಣುತ್ತದೆ. ಪರದೆಯ ಬಲಗಡೆ ಕೆಳಗೆ 'ಆಕ್ಟಿವೇಟ್ ವಿಂಡೋಸ್' ಅನ್ನುವ ಮಸುಕು ಅಕ್ಷರ ಬಂದು ಕೂತಿತು. ಅದಕ್ಕಿಂತ ದೊಡ್ಡ ಭಯ ಇನ್ನೊಂದು. ಆ ಪಾರ್ಟಿಷನ್ ಉಬುಂಟುವಿನಲ್ಲೂ ಮೌಂಟ್ ಆಗಿದ್ದು, ಅದೇ ಹೊತ್ತಿಗೆ ಒಳಗಿನ ವಿಂಡೋಸ್ ಕೂಡ ಬರೆದರೆ ಫೈಲುಗಳು ಹಾಳು. ಹದಿನೈದು ವರ್ಷದ ಕೆಲಸ ಇರುವ ಡಿಸ್ಕಿನಲ್ಲಿ ಇಂಥ ಪ್ರಯೋಗ ದಯವಿಟ್ಟು ಮಾಡಬೇಡಿ.

ಆಮೇಲೆ ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ, ಬೇರೆಯವರ ದುಡ್ಡಾದರೂ ಉಳಿಯಲಿ. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರರ ಹತ್ತಿರ 650 ರೂಪಾಯಿಗೆ ಪ್ರೊ ಕೀ ಸಿಕ್ಕಿತು. ವರ್ಚುವಲ್ ಮಷಿನ್‌ಗೆ ಹಾಕಿದೆ, ತಕ್ಷಣ ಆಕ್ಟಿವೇಟ್ ಆಯಿತು. ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅದೇ ಮಸುಕು ಅಕ್ಷರ ವಾಪಸ್ ಬಂತು. ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಎಸ್‌ಎಲ್‌ಎಂಜಿಆರ್ /ಡಿಎಲ್‌ಐ' ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದರೆ ಸಣ್ಣ ಪೆಟ್ಟಿಗೆಯೊಂದು ತೆರೆಯುತ್ತದೆ. ಅದರಲ್ಲಿ ಚಾನೆಲ್ ಅನ್ನುವ ಪದಕ್ಕಿಂತ ಮೊದಲು ಏನಿದೆ ನೋಡಿ. ನನ್ನ ಡಬ್ಬಿಯ ಕೀಗೆ 'ರೀಟೇಲ್' ಅಂತ ಇತ್ತು. ಲ್ಯಾಪ್‌ಟಾಪ್ ಜೊತೆ ಬರುವುದಕ್ಕೆ 'ಒಇಎಂ' ಅಂತ ಶುರುವಾಗುತ್ತದೆ. ಈ 650 ರೂಪಾಯಿಯದಕ್ಕೆ ಇದ್ದದ್ದು 'ವಾಲ್ಯೂಮ್ ಎಂಎಕೆ'. ಯಾವುದೋ ಸಂಸ್ಥೆ ತನ್ನ ಹತ್ತಾರು ಯಂತ್ರಗಳಿಗೆ ಅಂತ ತೆಗೆದುಕೊಂಡ ಕೀ ಅದು. ಬಿಡಿಬಿಡಿಯಾಗಿ ಮಾರುವ ಹಕ್ಕು ಯಾರಿಗೂ ಇಲ್ಲ. ಮಾರಾಟಗಾರರಿಗೆ ಬರೆದೆ, ಉತ್ತರ ಬರಲಿಲ್ಲ. ಅಗ್ಗದ ಕೀ ಕೊಂಡಿದ್ದರೆ ಇವತ್ತೇ ಆ ಕಮಾಂಡ್ ಹೊಡೆದು ನೋಡಿಕೊಳ್ಳಿ.

ಕೊನೆಗೆ ಕೂತು ಯೋಚನೆ ಮಾಡಿದೆ. ನನಗೆ ಬೇಕಾದದ್ದು ಎರಡು ವಿಂಡೋಸ್ ಅಲ್ಲ, ರೀಬೂಟ್ ಇಲ್ಲದ ಒಂದು ವಿಂಡೋಸ್. ಹಾಗಿದ್ದರೆ ಡಬ್ಬಿಯ ಲೈಸೆನ್ಸನ್ನೇ ವರ್ಚುವಲ್ ಮಷಿನ್‌ಗೆ ಸಾಗಿಸಿದರೆ ಆಯಿತಲ್ಲ. ರೀಟೇಲ್ ಲೈಸೆನ್ಸಿಗೆ ಇರುವ ದೊಡ್ಡ ಗುಣ ಇದೇ. ಹಳೇ ಯಂತ್ರದಿಂದ ತೆಗೆದರೆ ಹೊಸದಕ್ಕೆ ಹಾಕಿಕೊಳ್ಳಬಹುದು. ಒಇಎಂ ಆದರೆ ಹುಟ್ಟಿದ ಯಂತ್ರದಲ್ಲೇ ಮುಗಿಯಬೇಕು.

ಎಲ್ಲ ಬ್ಯಾಕಪ್ ತೆಗೆದೆ. ಪಾರ್ಟಿಷನ್ನಿನ ವಿಂಡೋಸ್‌ನಿಂದ ಕೀ ತೆಗೆದುಹಾಕಿದೆ. ಪಾರ್ಟಿಷನ್ನನ್ನೇ ಅಳಿಸಿದೆ. ವರ್ಚುವಲ್ ಮಷಿನ್‌ನಲ್ಲಿ ಹೊಸದಾಗಿ ವಿಂಡೋಸ್ ಹಾಕಿ ಅದೇ ಕೀ ಕೊಟ್ಟೆ. ಇಂಟರ್ನೆಟ್ ಮೂಲಕ ಒಪ್ಪಲಿಲ್ಲ. ಫೋನ್ ಮೂಲಕ ಆಕ್ಟಿವೇಷನ್‌ಗೆ ಹೋದೆ. ಪರದೆಯಲ್ಲಿ 63 ಅಂಕಿಗಳು ಬಂದವು, ಏಳೇಳರ ಒಂಬತ್ತು ಗುಂಪು. ಒಂದೊಂದಾಗಿ ಫೋನಿನಲ್ಲಿ ಒತ್ತಿದೆ. ಪಕ್ಕದಲ್ಲಿ ನಮ್ಮ ಅಂಗಡಿಯ ಹುಡುಗ ಓದಿ ಹೇಳುತ್ತಿದ್ದ. "ಈ ಪ್ರತಿ ಎಷ್ಟು ಕಂಪ್ಯೂಟರ್‌ನಲ್ಲಿ ಇದೆ?" ಅಂತ ಆ ಕಡೆಯಿಂದ ಪ್ರಶ್ನೆ ಬಂತು. ಒಂದರಲ್ಲಿ ಅಂದೆ. ಅದು ನಿಜವಾಗಿತ್ತು, ಅದನ್ನು ಹೇಳುವಾಗ ಮನಸ್ಸಿಗೆ ಹಗುರ ಅನ್ನಿಸಿತು. ಅವರು ಕೊಟ್ಟ 48 ಅಂಕಿ ಬರೆದುಕೊಂಡು ಹೊಡೆದೆ. ಆಯಿತು. ಆದ ಕೂಡಲೇ ಮಾಡಿದ ಮೊದಲ ಕೆಲಸ ಅಂದರೆ ಆ ಲೈಸೆನ್ಸನ್ನು ನನ್ನ ಮೈಕ್ರೋಸಾಫ್ಟ್ ಅಕೌಂಟಿಗೆ ಜೋಡಿಸಿದ್ದು.

ಅಲ್ಲಿಂದ ಇವತ್ತಿನವರೆಗೆ ಇದೇ ವರ್ಚುವಲ್ ಮಷಿನ್‌ನಲ್ಲಿ ಕೆಲಸ. ನಾಲ್ಕು ಜಿಬಿ ರ್‍ಯಾಮ್ ಕೊಟ್ಟಿದ್ದೇನೆ, ಪೇಜ್‌ಮೇಕರ್‌ಗೆ ಧಾರಾಳ. 32-ಬಿಟ್ ವಿಂಡೋಸ್ ಹಾಕಿದ್ದೇನೆ, ಹಳೇ ತಂತ್ರಾಂಶಕ್ಕೆ ಅದು ಹೊಂದುತ್ತದೆ. 64 ಇರಲಿ 32 ಇರಲಿ, ಕೀ ಒಂದೇ. ಹೊಸ ಫಾಂಟ್ ಹಾಕುವ ಮೊದಲು ಒಂದು ಸ್ನ್ಯಾಪ್‌ಶಾಟ್ ತೆಗೆದಿಡುತ್ತೇನೆ. ಎಡವಟ್ಟಾದರೆ ಒಂದು ನಿಮಿಷದಲ್ಲಿ ಹಿಂದಿನ ಸ್ಥಿತಿಗೆ. ಮಷಿನ್ ಪೂರ್ತಿ ಒಂದೇ ಫೋಲ್ಡರಿನಲ್ಲಿ ಇರುವುದರಿಂದ ಪ್ರತಿ ಶನಿವಾರ ಆ ಫೋಲ್ಡರನ್ನು ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡುತ್ತೇವೆ. ಒಂದು ಎಚ್ಚರ: ಮಷಿನ್ನನ್ನು ಕ್ಲೋನ್ ಮಾಡಿ ಎರಡನೆಯದನ್ನು ಓಡಿಸಿದರೆ ಅದು ಇನ್ನೊಂದು ಡಿವೈಸ್, ಅದಕ್ಕೆ ಇನ್ನೊಂದು ಲೈಸೆನ್ಸ್ ಬೇಕು.

ಅಂಗಡಿಯವರು ಗಮನಿಸಬೇಕಾದ ಇನ್ನೊಂದು ವಿಷಯ ಇದೆ. ವರ್ಚುವಲ್‌ಬಾಕ್ಸ್ ಮುಕ್ತ ತಂತ್ರಾಂಶ, ವ್ಯಾಪಾರಕ್ಕೂ ಬಳಸಬಹುದು. ಆದರೆ ಹೆಚ್ಚಿನ ಸೌಲಭ್ಯ ಕೊಡುವ ಅದರ ಎಕ್ಸ್‌ಟೆನ್ಷನ್ ಪ್ಯಾಕ್ ಸ್ವಂತ ಬಳಕೆಗೆ ಮಾತ್ರ ಉಚಿತ. ಆರನೇ ಆವೃತ್ತಿಯಲ್ಲಿ ಆ ಪ್ಯಾಕ್ ಇಲ್ಲದಿದ್ದರೆ ಹಳೇ ನಿಧಾನದ ಯುಎಸ್‌ಬಿ ಮಾತ್ರ ಸಿಗುತ್ತಿತ್ತು. ಸಹಿಯ ಟೋಕನ್‌ಗೆ ಅಷ್ಟು ವೇಗ ಸಾಕಾಯಿತು. 2022ರಲ್ಲಿ 7.0 ಬಂದ ಮೇಲೆ ವೇಗದ ಯುಎಸ್‌ಬಿಯೂ ಮೂಲ ತಂತ್ರಾಂಶಕ್ಕೇ ಸೇರಿತು. ಇದೇ ಕೆಲಸ ಮಾಡುವ ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ ಕೂಡ 2024ರ ನವೆಂಬರ್‌ನಿಂದ ವ್ಯಾಪಾರಕ್ಕೂ ಉಚಿತ. ಮ್ಯಾಕ್ ಇರುವವರ ಕಥೆಯೇ ಬೇರೆ: ಒಂದು ಮ್ಯಾಕ್‌ನೊಳಗೆ ಮ್ಯಾಕ್‌ಒಎಸ್‌ನ ಇನ್ನೆರಡು ವರ್ಚುವಲ್ ಪ್ರತಿಗಳಿಗೆ ಆಪಲ್‌ನ ಷರತ್ತಿನಲ್ಲೇ ಜಾಗ ಇದೆ. ವಿಂಡೋಸ್‌ಗೂ ಅಷ್ಟು ಉದಾರತೆ ಬರಲಿ ಅನ್ನುವುದು ನನ್ನ ಆಸೆ.

2022ರಲ್ಲಿ ಲ್ಯಾಪ್‌ಟಾಪ್ ಕೊಂಡೆ, ವಿಂಡೋಸ್ 11 ಹೋಮ್ ಅದರ ಜೊತೆಗೇ ಬಂತು. ಅದರ ಕೀ ಯಂತ್ರದ ಫರ್ಮ್‌ವೇರ್‌ನಲ್ಲೇ ಇರುತ್ತದೆ, ಒಇಎಂ ಲೈಸೆನ್ಸ್. ಅದನ್ನು ವರ್ಚುವಲ್ ಮಷಿನ್‌ಗೆ ಎಳೆದು ತರಲು ಹೋಗಲಿಲ್ಲ. ಇದ್ದಲ್ಲೇ ಬಿಟ್ಟು ಪಕ್ಕದಲ್ಲಿ ಉಬುಂಟು ಹಾಕಿ ಡ್ಯುಯಲ್ ಬೂಟ್ ಮಾಡಿಕೊಂಡೆ. ನೀವೂ ಹೀಗೆ ಮಾಡುವುದಾದರೆ ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಮುಟ್ಟುವ ಮೊದಲು ಡಿಸ್ಕಿಗೆ ಬೀಗ ಹಾಕಿಡುವ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನನಗೆ ರಾತ್ರಿ ಹನ್ನೊಂದಕ್ಕೆ ನೀಲಿ ಪರದೆಯಲ್ಲಿ ಆ ಕೀ ಕೇಳಿತು. ಅಕೌಂಟಿನಲ್ಲಿ ಉಳಿದಿದ್ದರಿಂದ ಫೋನ್‌ನಲ್ಲಿ ತೆಗೆದು ನೋಡಿ ಹಾಕಿದೆ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು. ಅದೇ ಲೈಸೆನ್ಸಿನಲ್ಲಿ 11ಕ್ಕೆ ಹೋಗಬಹುದು, 11 ಕೇಳುವ ಭದ್ರತಾ ಚಿಪ್ ಟಿಪಿಎಂ ಕೂಡ ವರ್ಚುವಲ್‌ಬಾಕ್ಸ್ 7ರಲ್ಲಿ ಇದೆ. ಆದರೆ 11ರಲ್ಲಿ 32-ಬಿಟ್ ಆವೃತ್ತಿಯೇ ಇಲ್ಲ. ಹಾಗಾಗಿ ಪೇಜ್‌ಮೇಕರ್ ಮಷಿನ್ನನ್ನು 10ರಲ್ಲೇ ಇಟ್ಟು, ಅದರ ನೆಟ್‌ವರ್ಕ್ ಕಿತ್ತುಬಿಟ್ಟೆ. ಟೆಂಡರ್, ಸಹಿ ಎಲ್ಲ ಈಗ ಲ್ಯಾಪ್‌ಟಾಪಿನ ವಿಂಡೋಸ್ 11ರಲ್ಲಿ.

ನಿಮಗೆ ಕೆಲವು ದಿನ ಏನನ್ನೋ ಪರೀಕ್ಷೆ ಮಾಡಲು ಮಾತ್ರ ವರ್ಚುವಲ್ ವಿಂಡೋಸ್ ಬೇಕಿದ್ದರೆ ಸುಮ್ನೆ ಕೊಳ್ಳಬೇಡಿ. ಎಂಟರ್‌ಪ್ರೈಸ್ ಆವೃತ್ತಿಯ 90 ದಿನದ ಇವ್ಯಾಲ್ಯುಯೇಷನ್ ಉಚಿತವಾಗಿ ಸಿಗುತ್ತದೆ. ದಿನಾ ಅನ್ನ ಹಾಕುವ ಕೆಲಸಕ್ಕೆ ಬೇಕಿದ್ದರೆ ರೀಟೇಲ್ ತೆಗೆದುಕೊಳ್ಳಿ, ಬಿಲ್ ಮತ್ತು ಕಾರ್ಡ್ ಜೋಪಾನ ಮಾಡಿ. ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು, ಒಂದೇ ಯಂತ್ರದೊಳಗಿನ ಎರಡು ಪ್ರತಿಗೆ ಅವಕಾಶ ಇಲ್ಲ ಅನ್ನುವುದಕ್ಕೆ.

ಅಂಗಡಿಯ ಡೆಸ್ಕ್‌ಟಾಪ್ ಈಗ ಹಳೆಯದಾಗಿದೆ, ಮುಂದಿನ ತಿಂಗಳು ಹೊಸದು ಬರುತ್ತದೆ. ಮಷಿನ್ನಿನ ಫೋಲ್ಡರ್ ಕಾಪಿ ಮಾಡಿ, ಅಲ್ಲಿ ತೆರೆದು, ಇಲ್ಲಿಯದನ್ನು ಅಳಿಸಬೇಕು. ಕಾರ್ಡನ್ನು ನಿನ್ನೆಯೇ ಗಲ್ಲಾಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲೆ ಇಟ್ಟಿದ್ದೇನೆ. ಮತ್ತೆ 63 ಅಂಕಿ ಕೇಳಿದರೆ ಹುಡುಗ ಓದಿ ಹೇಳುತ್ತಾನೆ.